ಓದು ಮುಗಿಯುವುದು ಎಂದು?



ಪರೀಕ್ಷೆಯ ಫಲಿತಾಂಶಗಳು ಹೊರಬೀಳುವ ಬೇಸಗೆಯ ದಿನಗಳಲ್ಲಿ ಶ್ರೀಮಠಕ್ಕೆ ಬರುವ ಭಕ್ತರ ಕೈಯಲ್ಲಿ ಹೂವು ಹಣ್ಣುಗಳ ಜೊತೆಗೆ ಮಕ್ಕಳ ಅಂಕಪಟ್ಟಿಯೂ ಇರುವುದು ವಾಡಿಕೆ. ಯಾವ ಓದಿಗೆ ಹಚ್ಚಬೇಕೆಂದು ಅವರು ಕೇಳುತ್ತಾರೆ. ನಾವು ನಮಗೆ ತಿಳಿದಷ್ಟನ್ನು ಹೇಳುತ್ತೇವೆ. ಎಂಜಿನಿಯರಿಂಗ್, ವೈದ್ಯಕೀಯ, ಕೃಷಿ, ಶಿಕ್ಷಕ ತರಬೇತಿ ಇವುಗಳ ದಾರಿ ನಮಗೆ ಸಾಕಷ್ಟು ಪರಿಚಿತ. ಎಷ್ಟು ವರ್ಷ, ಎಷ್ಟು ವೆಚ್ಚ, ಮುಗಿದ ಮೇಲೆ ಏನು ಎಂಬುದನ್ನು ಬೆರಳೆಣಿಸಿ ಹೇಳಬಹುದು. ಆದರೆ ಹಾಗೆ ಎಣಿಸಲು ಬಾರದ ಒಂದು ದಾರಿಯ ವಿಷಯದಲ್ಲಿ ನಾವು ಒಮ್ಮೆ ಅವಸರದ ಮಾತನ್ನಾಡಿದೆವು. ಆ ಸಂಗತಿಯನ್ನು ತಮ್ಮ ಮುಂದೆ ಇಡಬೇಕೆಂದು ಬಹುದಿನಗಳಿಂದ ಅನಿಸಿದ್ದಿತು.

ನಮ್ಮ ಪ್ರಸಾದ ನಿಲಯದಲ್ಲಿ ಎಂಟನೆಯ ತರಗತಿಯಿಂದ ಪಿ.ಯು.ಸಿ. ಮುಗಿಯುವವರೆಗೆ ಇದ್ದ ಹಾವೇರಿ ಸೀಮೆಯ ಒಬ್ಬ ಹುಡುಗನ ಕಥೆಯಿದು. ಹೆಸರು ಬೇಡ, ಹಳೆಯ ವಿದ್ಯಾರ್ಥಿಗಳಲ್ಲಿ ಕೆಲವರು ಗುರುತು ಹಿಡಿದಾರು, ಹಿಡಿಯಲಿ. ತಂದೆ ಮಳೆಯನ್ನೇ ನಂಬಿ ಹತ್ತಿ, ಗೋವಿನಜೋಳ ಬೆಳೆಯುವ ರೈತರು. ಹುಡುಗ ಮಾತು ಕಡಿಮೆ, ಕೈ ಚುರುಕು. ಆ ಕಾಲದಲ್ಲಿ ನಮ್ಮ ಅಮಾವಾಸ್ಯೆಯ ಶಿವಾನುಭವ ಗೋಷ್ಠಿಯಲ್ಲಿ ಧ್ವನಿವರ್ಧಕವು ಸದಾ ಗುಂಯ್‌ಗುಡುತ್ತಿತ್ತು. ಪೂಜ್ಯ ಹಿರಿಯ ಗುರುಗಳು ಪ್ರವಚನಕ್ಕೆ ತೊಡಗಿದರೆ ಅವರ ಧ್ವನಿಯ ಹಿಂದೆ ದುಂಬಿಯೊಂದು ಕುಳಿತಂತೆ ಕೇಳುತ್ತಿತ್ತು. ಬಾಡಿಗೆಯವರು ಎರಡು ಸಲ ಯಂತ್ರವನ್ನೇ ಬದಲಿಸಿದರೂ ಅದು ಹೋಗಲಿಲ್ಲ. ಹತ್ತನೆಯ ತರಗತಿಯ ಈ ಹುಡುಗ ಒಂದು ದಿನ ತಂತಿಗಳನ್ನೆಲ್ಲ ನೋಡಿ, "ಅರ್ಥಿಂಗ್ ಇಲ್ಲರಿ ಅಜ್ಜಾರ" ಎಂದು ಹೇಳಿ, ತುಳಸಿಕಟ್ಟೆಯ ಪಕ್ಕದಲ್ಲಿ ಗುಂಡಿ ತೋಡಿಸಿ, ತಂತಿಯೊಂದನ್ನು ನೆಲಕ್ಕಿಳಿಸಿದ. ದುಂಬಿ ಹಾರಿಹೋಯಿತು. ಹಿರಿಯ ಗುರುಗಳು ಅವನಿಗೆ ಒಂದು ಶಾಲು ಹೊದಿಸಿ, "ಇವ ನಮ್ಮ ಮಾತನ್ನ ಶುದ್ಧ ಮಾಡಿದ" ಎಂದು ನಕ್ಕರು.

2016ರಲ್ಲಿ ಅವನು ಹುಬ್ಬಳ್ಳಿಯಲ್ಲಿ ಇಲೆಕ್ಟ್ರಾನಿಕ್ಸ್ ವಿಭಾಗದ ಬಿ.ಇ. ಮುಗಿಸಿ ಬೆಂಗಳೂರಿನಲ್ಲಿ ನೌಕರಿ ಹಿಡಿದ. ವರ್ಷ ತುಂಬುವುದರೊಳಗೆ ಅದನ್ನು ಬಿಟ್ಟು, ಗೇಟ್ ಪರೀಕ್ಷೆ ಬರೆದು, ಜೀವವೈದ್ಯಕೀಯ ಎಂಜಿನಿಯರಿಂಗ್ ಎಂಬ ವಿಷಯದಲ್ಲಿ ಎಂ.ಟೆಕ್. ಸೇರಿದ. ಅದು ಮುಗಿದೊಡನೆ 2019ರಲ್ಲಿ ಪಿಎಚ್.ಡಿ.ಗೆ ಸೇರಿದ, ಈ ಸಲದ ವಿಷಯ ಮಿದುಳು. ಆ ವರ್ಷದ ಶ್ರಾವಣದಲ್ಲಿ ಅವನ ತಂದೆ ಮಠಕ್ಕೆ ಬಂದರು. ಪಾದಕ್ಕೆರಗಿ ಮೇಲೆದ್ದವರ ಕಣ್ಣಲ್ಲಿ ನೀರಿತ್ತು.

"ಅಜ್ಜಾರ, ನಮ್ಮ ಹುಡುಗಗ ನೀವಽ ಬುದ್ಧಿ ಹೇಳ್ರಿ. ವಯಸ್ಸು ಇಪ್ಪತ್ತೈದು ಆದ್ವು, ಇನ್ನೂ ಐದಾರು ವರ್ಷ ಓದತೀನಿ ಅಂತಾನ. ಓದು ಮುಗಿಯೂದು ಯಾವಾಗ್ರಿ? ತಂಗೀ ಲಗ್ನ ಐತಿ, ಸೊಸೈಟಿ ಸಾಲ ಐತಿ. ಕೈಯಾಗಿನ ನೌಕರಿ ಬಿಟ್ಟು ತಲಿಗೆ ವೈರ್ ಹಚ್ಚೂ ಕೆಲಸ ಮಾಡತಾನಂತ."

ನಾವು ಅಲ್ಲಿಯೇ ಫೋನ್ ಮಾಡಿಸಿದೆವು. ಹಿರಿಯ ಗುರುಗಳು ಪಕ್ಕದ ಕುರ್ಚಿಯಲ್ಲಿ ಕುಳಿತಿದ್ದರು. ತಂದೆಯ ಋಣ, ಮನೆಯ ಸ್ಥಿತಿ, ಗೃಹಸ್ಥಧರ್ಮ ಇವೆಲ್ಲವನ್ನೂ ಕುರಿತು ಹತ್ತು ನಿಮಿಷ ಉಪದೇಶ ಮಾಡಿ, ಮತ್ತೆ ನೌಕರಿಗೆ ಸೇರೆಂದು ಹೇಳಿದೆವು. ಆ ಕಡೆಯಿಂದ "ಆಗಲಿ ಅಜ್ಜಾರ" ಎಂಬ ಮಾತಷ್ಟೇ ಬಂದಿತು. ಗೌಡರು ಸಮಾಧಾನದಿಂದ ಪ್ರಸಾದ ಸ್ವೀಕರಿಸಿ ಊರಿಗೆ ಹೋದರು. ಹುಡುಗ ನೌಕರಿಗೆ ಸೇರಲಿಲ್ಲ. ಎರಡು ವರ್ಷ ಮಠದ ಕಡೆಗೂ ಬರಲಿಲ್ಲ. ಹಿರಿಯ ಗುರುಗಳು ಅಂದು ನಮ್ಮನ್ನು ಒಮ್ಮೆ ನೋಡಿದರೇ ಹೊರತು ಏನನ್ನೂ ಹೇಳಲಿಲ್ಲ.

ಅವರಿಗೆ ಹೇಳಲು ಉಳಿದ ಕಾಲವೂ ಹೆಚ್ಚಿರಲಿಲ್ಲ. ಆ ದೀಪಾವಳಿಯ ಹೊತ್ತಿಗೆ ಅವರ ಮಾತು ತೊದಲತೊಡಗಿತು. ಬೆಂಗಳೂರಿನ ವೈದ್ಯರು ಪರೀಕ್ಷಿಸಿ, ಅದು ಸ್ನಾಯುಗಳನ್ನು ಆಡಿಸುವ ನರಕೋಶಗಳು ಒಂದೊಂದಾಗಿ ನಶಿಸುವ ಎ.ಎಲ್.ಎಸ್. ಎಂಬ ರೋಗವೆಂದು ತಿಳಿಸಿದರು. ಪ್ರಸಿದ್ಧ ವಿಜ್ಞಾನಿ ಸ್ಟೀಫನ್ ಹಾಕಿಂಗ್ ಅವರನ್ನು ಅರ್ಧ ಶತಮಾನಕ್ಕೂ ಮೀರಿ ಕಾಡಿದ್ದು ಇದೇ. ಬುದ್ಧಿ ಮಬ್ಬಾಗಲಿಲ್ಲ, ಕಿವಿ ಚೆನ್ನಾಗಿತ್ತು, ಕಣ್ಣು ಆಡುತ್ತಿದ್ದವು. ನಾಲಗೆ ಮಾತ್ರ ಬಾಯೊಳಗೆ ಸುಮ್ಮನೆ ಬಿದ್ದುಬಿಟ್ಟಿತು. ಕೈಯಲ್ಲಿ ಕಾಗದವಿಲ್ಲದೆ ಎರಡು ತಾಸು ಸಿದ್ಧಾಂತ ಶಿಖಾಮಣಿಯನ್ನು ಕುರಿತು ಮಾತನಾಡುತ್ತಿದ್ದ ಮಹಾನುಭಾವರವರು. ಕರದ ಇಷ್ಟಲಿಂಗವನ್ನು ಹಿಡಿದು ನಿಲ್ಲಿಸಲು ನಮ್ಮ ಕೈ ಬೇಕಾಯಿತು.

ಆಗ ನಾವು ಒಂದು ಅಕ್ಷರದ ಹಲಗೆಯನ್ನು ಮಾಡಿಸಿದೆವು. ಮೇಲಿನ ಸಾಲಿನಲ್ಲಿ ಸ್ವರಗಳು, ಕೆಳಗೆ ಕವರ್ಗ, ಚವರ್ಗ, ಟವರ್ಗ, ತವರ್ಗ, ಪವರ್ಗ, ಕೊನೆಗೆ ಯಕಾರದಿಂದ ಳಕಾರದವರೆಗೆ. ನಾವು ಸಾಲಿನ ಮೇಲೆ ಬೆರಳಿಡುವುದು, ಸರಿಯಾದ ಸಾಲಿಗೆ ಬಂದಾಗ ಅವರು ಎವೆಯಿಕ್ಕುವುದು. ಬಳಿಕ ಅಕ್ಷರ, ಬಳಿಕ ಕಾಗುಣಿತ. "ದೀಪ ಆರಿಸು" ಎಂಬಷ್ಟಕ್ಕೆ ನಾಲ್ಕೈದು ನಿಮಿಷ ಹಿಡಿಯುತ್ತಿತ್ತು. ಸೇವೆ ಮಾಡುವವರ ಅವಸರವನ್ನು ತಾವು ಬಲ್ಲಿರಿ. ಮೊದಲ ಎರಡಕ್ಷರ ಬಂದೊಡನೆ ಉಳಿದುದನ್ನು ನಾವೇ ಊಹಿಸಿ ಹೇಳಿಬಿಡುತ್ತಿದ್ದೆವು. ಊಹೆ ಸರಿಯಾದರೆ ಎವೆ ಮುಚ್ಚುವರು, ತಪ್ಪಾದರೆ ಸುಮ್ಮನೆ ನೋಡುವರು.

ಒಂದು ರಾತ್ರಿ ಅವರು ಹು, ಡು, ಗ ಎಂಬ ಮೂರಕ್ಷರಗಳನ್ನು ತೋರಿಸಿದರು. ಹುಡುಗರ ಊಟವಾಯಿತೇ ಎಂದು ಕೇಳುತ್ತಿರುವಿರಾ ಎಂದೆವು. ನೋಡಿದರು. ಹುಡುಗರ ಪರೀಕ್ಷೆಯೇ? ನೋಡಿದರು. ಹುಡುಗರ ಶುಲ್ಕವೇ, ಹುಡುಗರ ಪೂಜೆಯೇ? ನಮ್ಮ ಊಹೆಗಳು ಮುಗಿಯುವ ಮೊದಲು ಅವರು ದಣಿದು ಕಣ್ಣು ಮುಚ್ಚಿಕೊಂಡರು. ಬೆಳಿಗ್ಗೆ ಹಲಗೆ ತಂದರೆ ಬೇಡವೆಂಬಂತೆ ಬೇರೆಡೆ ನೋಡಿದರು. ಹದಿನೈದು ದಿನಗಳಲ್ಲಿ, 2021ರ ಕಾರ್ತಿಕದಲ್ಲಿ, ಅವರು ಲಿಂಗೈಕ್ಯರಾದರು. ಆ ವಾಕ್ಯವು ಹಾಗೆಯೇ ಉಳಿಯಿತು.

ಕ್ರಿಯಾಸಮಾಧಿಯ ದಿನ ಆ ತರುಣ ಬಂದಿದ್ದ. ಜನವೆಲ್ಲ ಚದುರಿದ ಮೇಲೆ ಹಿರಿಯ ಗುರುಗಳ ಕೋಣೆಯಲ್ಲಿ ಒಬ್ಬನೇ ನಿಂತು ಹಲಗೆಯನ್ನು ನೋಡುತ್ತಿದ್ದ. "ಎವೆ ಬಡಿದು ಮಾತಾಡತಿದ್ದರೇನ್ರಿ?" ಎಂದು ಕೇಳಿದ. ಹೌದೆಂದೆವು. ಅವನು ಬಹಳ ಹೊತ್ತು ಸುಮ್ಮನಿದ್ದು, ತನ್ನ ಪ್ರಯೋಗಶಾಲೆಯಲ್ಲಿ ತಾನು ದಿನವೂ ಕಿತ್ತೆಸೆಯುವ ಮೊದಲ ವಸ್ತು ಎವೆಬಡಿತವೇ ಎಂದ.

ಅರ್ಥವಾಗದೆ ಕೇಳಿದಾಗ ವಿವರಿಸಿದ. ತಲೆಯ ಚರ್ಮದ ಮೇಲೆ ಬಿಲ್ಲೆಗಳನ್ನಿಟ್ಟು ಮಿದುಳಿನ ವಿದ್ಯುತ್ ಅಲೆಗಳನ್ನು ಬರೆದುಕೊಳ್ಳುವುದು ಅವನ ಕೆಲಸ. ಈ ವಿದ್ಯುತ್ತು ಎಷ್ಟು ಅಲ್ಪವೆಂದರೆ, ವೋಲ್ಟಿನ ಹತ್ತು ಲಕ್ಷದ ಒಂದು ಪಾಲನ್ನು ಮೈಕ್ರೋವೋಲ್ಟ್ ಎಂದರೆ, ಅಂಥ ಕೆಲವು ಹತ್ತು ಮೈಕ್ರೋವೋಲ್ಟುಗಳು ಮಾತ್ರ. ಕಣ್ಣು ಮಿಟುಕಿಸಿದರೆ ಅದರ ಹಲವು ಪಾಲು ದೊಡ್ಡ ಅಲೆಯೆದ್ದು ಉಳಿದುದನ್ನು ನುಂಗಿಬಿಡುತ್ತದೆ. ಗೋಡೆಯೊಳಗಿನ ವಿದ್ಯುತ್ ತಂತಿಯ ಸೆಕೆಂಡಿಗೆ 50 ಆವರ್ತನೆಯ ಗುಂಯ್‌ಕಾರವೂ ಬಂದು ಸೇರುತ್ತದೆ. "ನಮ್ಮ ಮೈಕಿನ್ಯಾಗ ಇದ್ದದ್ದಽ ಅದಽ ದುಂಬಿ ರೀ ಅಜ್ಜಾರ" ಎಂದ. ಇನ್ನೊಂದು ಕಷ್ಟವನ್ನೂ ಹೇಳಿದ. ದೊಡ್ಡಾಸ್ಪತ್ರೆಗೆ ಹೋಗುವುದೆಂದು ಹಳ್ಳಿಯ ರೋಗಿಗಳು ಚೆನ್ನಾಗಿ ಕೊಬ್ಬರಿ ಎಣ್ಣೆ ಹಚ್ಚಿ ತಲೆ ಬಾಚಿಕೊಂಡು ಬರುತ್ತಾರೆ. ಎಣ್ಣೆಯಿದ್ದರೆ ಬಿಲ್ಲೆಗಳು ಅಲೆಯನ್ನು ಹಿಡಿಯವು. ಹಾಗಾಗಿ ಈ ಎಂ.ಟೆಕ್. ಪದವೀಧರನು ತನ್ನ ಸಂಶೋಧನೆಯ ಮೊದಲ ವರ್ಷದಲ್ಲಿ ಅತಿ ಹೆಚ್ಚು ಮಾಡಿದ ಕೆಲಸವೆಂದರೆ ವೃದ್ಧ ರೋಗಿಗಳ ತಲೆಯನ್ನು ಶಾಂಪೂ ಹಚ್ಚಿ ತೊಳೆದದ್ದು.

ಕೈ ಸತ್ತ ರೋಗಿಯು ಕೈಯೆತ್ತಬೇಕೆಂದು ಯತ್ನಿಸಿದಾಗ, ಕೈ ಏಳದಿದ್ದರೂ, ಮಿದುಳಿನ ಆ ಭಾಗದಲ್ಲಿ ಸೆಕೆಂಡಿಗೆ 8ರಿಂದ 13 ಸಲ ಏಳುವ ಅಲೆಯು ತುಸು ತಗ್ಗುತ್ತದೆ. ಆ ತಗ್ಗನ್ನು ಗುರುತಿಸಿ ಯಂತ್ರಕ್ಕೆ ತಿಳಿಸಿದರೆ ರೋಗಿಯ ಇಚ್ಛೆಗೆ ಒಂದು ಬಾಗಿಲು ತೆರೆದಂತಾಯಿತು. ಇದಿಷ್ಟೇ ಅವನ ಪ್ರಬಂಧದ ವಸ್ತು. ಇದಕ್ಕೆ ಆರು ವರ್ಷ.

ಈ ಅಲೆಗಳನ್ನು ಮನುಷ್ಯನ ತಲೆಯಿಂದ ಮೊದಲು ಬರೆದುಕೊಂಡವರು ಜರ್ಮನಿಯ ಯೇನಾ ಊರಿನ ಮನೋವೈದ್ಯ ಹಾನ್ಸ್ ಬರ್ಗರ್. ತಾರುಣ್ಯದಲ್ಲಿ, ಸೈನ್ಯದಲ್ಲಿದ್ದಾಗ, ಕುದುರೆಯಿಂದ ಬಿದ್ದು ಕೂದಲೆಳೆಯಲ್ಲಿ ಬದುಕಿದ ದಿನವೇ ದೂರದ ಊರಿನಲ್ಲಿದ್ದ ಅವರ ಸೋದರಿಗೆ ಏನೋ ಕೇಡಾಯಿತೆಂಬ ತಳಮಳವಾಗಿ ತಂತಿ ಬಂದಿತಂತೆ. ಒಂದು ಮನಸ್ಸಿನಿಂದ ಇನ್ನೊಂದಕ್ಕೆ ಸಾಗುವ ಶಕ್ತಿ ಯಾವುದೆಂದು ಹುಡುಕುತ್ತ ಹೊರಟವರು 1924ರಲ್ಲಿ ಮಿದುಳಿನ ಅಲೆಗಳನ್ನು ಕಂಡರು, 1929ರಲ್ಲಿ ಪ್ರಕಟಿಸಿದರು. ಹುಡುಕಿದ್ದು ಸಿಗಲಿಲ್ಲ, ಸಿಕ್ಕಿದ್ದು ಇಂದು ಪ್ರತಿಯೊಂದು ದೊಡ್ಡ ಆಸ್ಪತ್ರೆಯಲ್ಲಿ ಮೂರ್ಛೆರೋಗಿಗಳ ಪರೀಕ್ಷೆಗೆ ಬಳಕೆಯಲ್ಲಿದೆ.

ಅಂದು ರಾತ್ರಿ ಅವನು ಮಠದಲ್ಲಿಯೇ ಉಳಿದ. ನಾವು ಅವನ ದಾರಿಯ ಕುರಿತು ಮೊದಲ ಸಲ, ಉಪದೇಶ ಬಿಟ್ಟು, ಕೇಳಿದೆವು. ಅವನು ಹೇಳಿದ್ದು ಅಮೇರಿಕೆಯ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಕೃಷ್ಣ ಶೆಣೈ ಅವರ ವಿಷಯ. ಶೆಣೈ ಎಂಬ ಮನೆತನದ ಹೆಸರು ನಮ್ಮ ಕರಾವಳಿಯವರಿಗೆ ಹೊಸತಲ್ಲ. ಆದರೆ ಅವರು ಬೆಳೆದು ಓದಿದ್ದೆಲ್ಲ ಅಮೇರಿಕೆಯಲ್ಲಿ. 1990ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ವಿದ್ಯುತ್ ಎಂಜಿನಿಯರಿಂಗ್ ಪದವಿ, 1995ರಲ್ಲಿ ಎಂ.ಐ.ಟಿ.ಯಿಂದ ಪಿಎಚ್.ಡಿ. ಆ ಪಿಎಚ್.ಡಿ.ಯ ವಿಷಯ ಮಿದುಳಲ್ಲವೇ ಅಲ್ಲ. ಬೆಳಕನ್ನೂ ವಿದ್ಯುತ್ತನ್ನೂ ಒಂದೇ ಬಿಲ್ಲೆಯ ಮೇಲೆ ಕೂಡಿಸುವ ಸೂಕ್ಷ್ಮ ಮಂಡಲಗಳು. ಆಗಿನ ಕಾಲಕ್ಕೆ ಅದು ಬಹು ಬೆಲೆಯುಳ್ಳ ವಿದ್ಯೆ. ಅದನ್ನು ಬಿಟ್ಟು ಅವರು ಕ್ಯಾಲ್‌ಟೆಕ್ ಸಂಸ್ಥೆಯಲ್ಲಿ ರಿಚರ್ಡ್ ಆಂಡರ್ಸನ್ ಎಂಬ ನರವಿಜ್ಞಾನಿಯ ಬಳಿ ಮತ್ತೆ ಮೊದಲಿನಿಂದ ಶಿಷ್ಯರಾಗಿ ಆರು ವರ್ಷ ಕುಳಿತರು. 2001ರಲ್ಲಿ ಸ್ಟ್ಯಾನ್‌ಫರ್ಡಿಗೆ ಬಂದು, ಕೈ ಚಾಚುವ ಮೊದಲು ಮಿದುಳಿನ ಕೋಶಗಳು ಆ ಚಲನೆಯನ್ನು ಹೇಗೆ ಅಣಿಗೊಳಿಸುತ್ತವೆ ಎಂಬ ಒಂದೇ ಪ್ರಶ್ನೆಯ ಬೆನ್ನುಹತ್ತಿದರು.

ಮೆದುಳಿನ ಶಸ್ತ್ರವೈದ್ಯ ಜೇಮಿ ಹೆಂಡರ್ಸನ್ ಅವರೊಡನೆ ಸೇರಿ ಅವರು ನಡೆಸಿದ ಪ್ರಯೋಗಗಳಲ್ಲೊಂದು 2021ರ ಮೇ ತಿಂಗಳಲ್ಲಿ 'ನೇಚರ್' ಪತ್ರಿಕೆಯಲ್ಲಿ ಪ್ರಕಟವಾಗಿತ್ತು. 2007ರಲ್ಲಿ ಬೆನ್ನುಹುರಿಗೆ ಪೆಟ್ಟು ಬಿದ್ದು ಕತ್ತಿನ ಕೆಳಗೆ ಚಲನೆ ಕಳೆದುಕೊಂಡ ಒಬ್ಬ ಮನುಷ್ಯನ ಮಿದುಳಿನಲ್ಲಿ, ಮಾತ್ರೆಯಷ್ಟು ಚಿಕ್ಕವಾದ, ನೂರರಷ್ಟು ಸೂಕ್ಷ್ಮ ಸೂಜಿಗಳುಳ್ಳ ಎರಡು ಬಿಲ್ಲೆಗಳನ್ನು ಕೂರಿಸಿದ್ದರು. ಆತನು ಲೇಖನಿ ಹಿಡಿದು ಕಾಗದದ ಮೇಲೆ ಬರೆಯುತ್ತಿರುವಂತೆ ಯತ್ನಿಸಬೇಕು. ಯಂತ್ರವು ಆ ಯತ್ನವನ್ನೋದಿ ಪರದೆಯ ಮೇಲೆ ಅಕ್ಷರ ಮೂಡಿಸಬೇಕು. ನಿಮಿಷಕ್ಕೆ 90 ಅಕ್ಷರಗಳು ಬಂದವು, ನೂರಕ್ಕೆ 94 ತಪ್ಪಿಲ್ಲದೆ. ನಾವು ನಮ್ಮ ಹಲಗೆಯನ್ನು ನೆನೆದು ಮನಸ್ಸಿನಲ್ಲಿಯೇ ಲೆಕ್ಕ ಹಾಕಿದೆವು. ಆ ಲೆಕ್ಕವನ್ನು ಇಲ್ಲಿ ಬರೆಯುವುದಿಲ್ಲ.

ಇಲ್ಲಿ ತಮ್ಮಲ್ಲಿ ಕೆಲವರಿಗೆ ಒಂದು ಶಂಕೆ ಬಂದೀತು: ಯಂತ್ರವು ಮನುಷ್ಯನ ಮನಸ್ಸನ್ನೇ ಓದುವುದಾದರೆ ಅಂತರಂಗವೆಂಬುದು ಎಲ್ಲಿ ಉಳಿಯಿತು? ನಾವೂ ಇದನ್ನೇ ಕೇಳಿದೆವು. ತರುಣನ ಉತ್ತರ ಸ್ಪಷ್ಟವಿತ್ತು. ಯಂತ್ರವು ಓದುವುದು ವಿಚಾರವನ್ನಲ್ಲ. ಕೈಗೆ, ನಾಲಗೆಗೆ, ತುಟಿಗೆ ಮಿದುಳು ಕಳುಹಿಸುವ ಅಪ್ಪಣೆಯನ್ನು. ರೋಗಿ ಹೇಳಲು ಯತ್ನಿಸಿದ್ದು ಮಾತ್ರ ಹೊರಬರುತ್ತದೆ. ಮನಸ್ಸೆಂದರೆ ಮಿದುಳೇ ಹೌದೋ ಅಲ್ಲವೋ ಎಂಬ ವಾದಕ್ಕೆ ಅವನು ಇಳಿಯಲಿಲ್ಲ, ನಾವೂ ಎಳೆಯಲಿಲ್ಲ. ತರ್ಕಶಾಸ್ತ್ರ ಓದಿದ ನಮಗೆ ಆ ಸಂಯಮ ಅಷ್ಟು ಸುಲಭದ್ದಾಗಿರಲಿಲ್ಲವೆಂಬುದನ್ನು ಒಪ್ಪಬೇಕು.

ಆದರೆ ಆ ರಾತ್ರಿ ಅವನು ಮಠದಲ್ಲಿ ಉಳಿದದ್ದು ಇದನ್ನು ಹೇಳುವುದಕ್ಕಲ್ಲ. ಅವನಿಗೆ ಕೇಳುವುದಿತ್ತು. ತಲೆಯ ಮೇಲಿನಿಂದ ಅಲೆ ಹಿಡಿಯುವುದಕ್ಕಿಂತ ಮಿದುಳಿನೊಳಗೆ ಸೂಜಿ ಕೂರಿಸಿದರೆ ಬಹಳ ಸ್ಪಷ್ಟವಾಗಿ ಕೇಳುತ್ತದೆ. ಹೊಸ ಬಗೆಯ ಸೂಜಿಗಳನ್ನು ಇಲಿಗಳ ಮೇಲೆ ಪರೀಕ್ಷಿಸುವ ಇನ್ನೊಂದು ಪ್ರಯೋಗಶಾಲೆಯೊಡನೆ ಸೇರುವ ಅವಕಾಶ ಅವನಿಗೆ ಬಂದಿತ್ತು. ಸೇರಿದರೆ ಒಳ್ಳೆಯ ಪತ್ರಿಕೆಗಳಲ್ಲಿ ಲೇಖನ, ಮುಂದೆ ವಿದೇಶದಲ್ಲಿ ಸ್ಥಾನ. ನಮ್ಮ ದೇಶದಲ್ಲಿ 1960ರ ಪ್ರಾಣಿಹಿಂಸೆ ತಡೆ ಕಾಯಿದೆಯ ಮೇರೆಗೆ ಇಂಥ ಪ್ರಯೋಗಗಳಿಗೆ ಸಮಿತಿಯ ಒಪ್ಪಿಗೆ ಬೇಕು, ಅರಿವಳಿಕೆ ಕೊಡಬೇಕು, ಎಷ್ಟು ಪ್ರಾಣಿಗಳು, ಏತಕ್ಕೆ ಎಂಬುದನ್ನೆಲ್ಲ ಬರೆದುಕೊಡಬೇಕು. ಆದರೂ ಕಟ್ಟಕಡೆಗೆ ಆ ಪ್ರಾಣಿಯನ್ನು ಕೊಂದು ಮಿದುಳನ್ನು ಪರೀಕ್ಷಿಸುವ ಕೈ ತನ್ನದಾಗಬೇಕು. "ಕೊರಳಾಗ ಲಿಂಗ ಕಟ್ಟಿಕೊಂಡು ಮಾಡಬಹುದೇನ್ರಿ?" ಎಂದು ಕೇಳಿದ.

ದಯೆಯನ್ನೇ ಎಲ್ಲಕ್ಕೂ ಮೊದಲಿಟ್ಟ ಶರಣರ ಪೀಠದಲ್ಲಿ ಕುಳಿತವರು ಇದಕ್ಕೆ ಥಟ್ಟನೆ ಉತ್ತರ ಹೇಳಬಹುದೆಂದು ತಾವು ಭಾವಿಸಬಹುದು. ನಮ್ಮ ಬಾಯಿಗೂ ಅದು ಬಂದಿತ್ತು. ಆದರೆ ನಾವು ಹಲವು ವರ್ಷಗಳಿಂದ ಮಧುಮೇಹಿಗಳು. ಪೂಜೆ ಮುಗಿಸಿ ಪ್ರಸಾದಕ್ಕೆ ಕೂಡುವ ಮೊದಲು ದಿನವೂ ಇನ್ಸುಲಿನ್ ಚುಚ್ಚಿಕೊಳ್ಳುತ್ತೇವೆ. 1921ರಲ್ಲಿ ಟೊರಾಂಟೋ ನಗರದಲ್ಲಿ ಬಾಂಟಿಂಗ್ ಮತ್ತು ಬೆಸ್ಟ್ ಎಂಬವರು ಅದನ್ನು ಕಂಡುಹಿಡಿದದ್ದು ನಾಯಿಗಳ ಮೇಲೆ ಪ್ರಯೋಗ ನಡೆಸಿ. ಆ ನಾಯಿಗಳ ಋಣದಲ್ಲಿ ಬದುಕುತ್ತಿರುವ ನಾವು ಈ ತರುಣನಿಗೆ ಯಾವ ಬಾಯಿಂದ ಬೇಡವೆನ್ನುವುದು? ಹಿರಿಯ ಗುರುಗಳ ಕೋಣೆ ಪಕ್ಕದಲ್ಲಿಯೇ ಇತ್ತು. ಮಾಡು ಎನ್ನಲೂ ನಾಲಗೆ ಏಳಲಿಲ್ಲ. ನಮಗೆ ತಿಳಿಯದು ಎಂದೆವು. ನಿನ್ನ ಕೈ ನಡುಗುವುದಾದರೆ ಆ ನಡುಕವನ್ನು ಮರೆಸುವ ಮಾತನ್ನು ನಮ್ಮಿಂದ ಕೇಳಬೇಡ ಎಂದೂ ಹೇಳಿದೆವು. ಇದು ಗುರುಸ್ಥಾನದಲ್ಲಿರುವವರು ಕೊಡಬೇಕಾದ ಉತ್ತರವಲ್ಲವೆಂದು ಯಾರಾದರೂ ಆಕ್ಷೇಪಿಸಿದರೆ ನಾವು ವಾದಿಸುವುದಿಲ್ಲ.

ಅವನು ಇಲಿಗಳ ಕೆಲಸಕ್ಕೆ ಹೋಗಲಿಲ್ಲ. ಆದರೆ ಹೋಗದೆ ತಾನು ಶುದ್ಧನಾದೆನೆಂದು ಎಂದೂ ಹೇಳಿಕೊಳ್ಳಲಿಲ್ಲ. ಶೆಣೈ ಅವರ ತಿಳಿವಳಿಕೆಯೂ ವರ್ಷಾನುಗಟ್ಟಲೆ ಕೋತಿಗಳ ಮೇಲೆ ನಡೆಸಿದ ಪ್ರಯೋಗಗಳಿಂದಲೇ ಬಂದದ್ದೆಂದೂ, ತಾನು ಅದೇ ಬಾವಿಯ ನೀರು ಕುಡಿಯುತ್ತಿರುವೆನೆಂದೂ ಅವನೇ ನಮಗೆ ತಿಳಿಸಿದ.

2023ರ ಜನವರಿಯಲ್ಲಿ ಒಂದು ಸಂಜೆ ಅವನ ಫೋನ್ ಬಂದಿತು. ಶೆಣೈ ಅವರು 21ನೆಯ ತಾರೀಖು ಕ್ಯಾನ್ಸರಿನಿಂದ ತೀರಿಕೊಂಡರೆಂದು ಹೇಳಿದ. ವಯಸ್ಸು 54. ಅವನು ಅವರನ್ನು ಎಂದೂ ಕಂಡವನಲ್ಲ. ಆದರೂ ಧ್ವನಿ ಮನೆಯವರನ್ನು ಕಳೆದುಕೊಂಡವನ ಧ್ವನಿಯಾಗಿತ್ತು. ಅದೇ ವರ್ಷದ ಆಗಸ್ಟಿನಲ್ಲಿ ಅವರ ಬಳಗದ ಇನ್ನೊಂದು ಲೇಖನ ಹೊರಬಂದಿತು. ಈ ಸಲದ ರೋಗಿ ಒಬ್ಬ ಮಹಿಳೆ, ರೋಗ ಅದೇ ಎ.ಎಲ್.ಎಸ್. ಆಕೆ ಮಾತನಾಡಲು ಯತ್ನಿಸಿದ್ದನ್ನು ಯಂತ್ರವು ನಿಮಿಷಕ್ಕೆ 62 ಶಬ್ದಗಳಂತೆ ಪರದೆಯ ಮೇಲೆ ತಂದಿತು. ನಾವು ನೀವು ಆಡುವ ಮಾತಿಗೆ ಇದು ಇನ್ನೂ ನಿಧಾನವೇ. 1,25,000 ಶಬ್ದಗಳ ಕೋಶವನ್ನಿಟ್ಟುಕೊಂಡಾಗ ನಾಲ್ಕಕ್ಕೊಂದರಂತೆ ತಪ್ಪಿತು. 2024ರಲ್ಲಿ ಕ್ಯಾಲಿಫೋರ್ನಿಯಾದ ಡೇವಿಸ್ ಊರಿನ ಇನ್ನೊಂದು ಬಳಗವು ಇದೇ ರೋಗದ ಮತ್ತೊಬ್ಬರಲ್ಲಿ ಆ ತಪ್ಪುಗಳನ್ನು ನೂರಕ್ಕೆ ಮೂರಕ್ಕಿಳಿಸಿತು. ಇವೆಲ್ಲ ಇನ್ನೂ ಬೆರಳೆಣಿಕೆಯ ರೋಗಿಗಳಲ್ಲಿ ನಡೆಯುತ್ತಿರುವ ಪ್ರಯೋಗಗಳು. ನಾಳೆಯೇ ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ಸಿಗುವುದೆಂದು ಯಾರೂ ಆಸೆ ಕಟ್ಟಿಕೊಳ್ಳಬಾರದೆಂದು ಅವನೇ ಎಚ್ಚರಿಸಿದ್ದಾನೆ.

ಆ 2023ರ ಲೇಖನದಲ್ಲಿ ನಮ್ಮನ್ನು ಹಿಡಿದು ನಿಲ್ಲಿಸಿದ ಮಾತೊಂದಿದೆ. ಮಾತು ಕೆಟ್ಟು ವರ್ಷಗಳು ಕಳೆದಿದ್ದರೂ, ಒಂದೊಂದು ಧ್ವನಿಗೂ ನಾಲಗೆ ಎಲ್ಲಿ ತಾಗಬೇಕು, ತುಟಿ ಹೇಗೆ ಮುಚ್ಚಬೇಕು ಎಂಬ ಚಿತ್ರವು ಆಕೆಯ ಮಿದುಳಿನಲ್ಲಿ ಅಳಿಸದೆ ಉಳಿದಿತ್ತಂತೆ. ಅದನ್ನು ಕೇಳಿ ನಾವು ಅವನಿಗೆ, ಕಾಶಿಯಲ್ಲಿ ವ್ಯಾಕರಣ ಪಂಡಿತರು ನಮಗೆ ಕಲಿಸಿದ ಸ್ಥಾನ, ಪ್ರಯತ್ನಗಳ ಪಾಠವನ್ನು ಹೇಳಿದೆವು: ಕವರ್ಗ ಕಂಠದ್ದು, ಚವರ್ಗ ತಾಲುವಿನದು, ಪವರ್ಗ ತುಟಿಗಳದು. ನಮ್ಮ ಹಲಗೆಯ ಸಾಲುಗಳು ಅವೇ. ಅವನು ಬಹಳ ಉತ್ಸಾಹದಿಂದ ಬರೆದುಕೊಂಡ. ಇದನ್ನೋದಿ, ಎಲ್ಲವೂ ನಮ್ಮವರಿಗೆ ಮೊದಲೇ ಗೊತ್ತಿತ್ತೆಂದು ಎದೆ ತಟ್ಟಿಕೊಳ್ಳುವುದು ಬೇಡ. ನಮ್ಮವರಿಗೆ ಬಾಯಿ ಗೊತ್ತಿತ್ತು, ಅದೇನು ಸಣ್ಣದಲ್ಲ. ಮಿದುಳಿನೊಳಗಿನ ಸಾಲುಗಳನ್ನು ಕಂಡವರು ಬೇರೆಯವರು. ಆದರೆ ಆ ಯಂತ್ರ ಕಲಿತದ್ದು ಇಂಗ್ಲಿಷಿನ ಧ್ವನಿಗಳನ್ನು. ಮಹಾಪ್ರಾಣ, ಣಕಾರ, ಳಕಾರಗಳನ್ನು, ಹ್ರಸ್ವದೀರ್ಘಗಳ ಭೇದವನ್ನು ಅದಕ್ಕೆ ಕಲಿಸುವವರು ಕನ್ನಡ ಬಲ್ಲವರೇ ಆಗಬೇಕು.

ಇನ್ನು ತಂದೆಯವರು ಕೇಳಿದ ಪ್ರಶ್ನೆ. ಅದಕ್ಕೆ ನಮ್ಮಲ್ಲಿ ಇಂದಿಗೂ ಸರಿಯಾದ ಉತ್ತರವಿಲ್ಲ. ಅವನು ಸೇರಿದಾಗ ಕೇಂದ್ರ ಸರ್ಕಾರದ ಶಿಷ್ಯವೇತನ ತಿಂಗಳಿಗೆ 31,000 ರೂಪಾಯಿ. 2023ರ ಜನವರಿಯಿಂದ ಅದು ಹೊಸಬರಿಗೆ 37,000, ಎರಡು ವರ್ಷ ಮುಗಿಸಿದವರಿಗೆ 42,000 ಆಯಿತು. ಅದು ತಿಂಗಳು ತಿಂಗಳು ಬರುವುದಿಲ್ಲ. ಒಮ್ಮೆ ಐದು ತಿಂಗಳು ಬಾರದೆ ಅವನು ಗೆಳೆಯರ ಬಳಿ ಸಾಲ ಮಾಡಿದ. ತಂಗಿಯ ಲಗ್ನಕ್ಕೆ ಅಣ್ಣನಿಂದ ಬಂದದ್ದು ಅಲ್ಪ. ಅವನಿಗೆ ಹೆಣ್ಣು ಕೇಳಲು ಹೋದಲ್ಲಿ "ವರ ಇನ್ನೂ ಓದತಾನೇನ್ರಿ?" ಎಂದು ಕೇಳಿ ಚಹಾ ಕೊಟ್ಟು ಕಳುಹಿಸಿದರು. 2025ರಲ್ಲಿ ಪ್ರಬಂಧ ಸಲ್ಲಿಸಿದ. ಇದರ ಮುಂದೆ ಎರಡು ಮೂರು ವರ್ಷ ಬೇರೊಬ್ಬರ ಪ್ರಯೋಗಶಾಲೆಯಲ್ಲಿ ಮತ್ತೆ ಶಿಷ್ಯವೃತ್ತಿ, ಅದರ ಮುಂದೆ ಅಧ್ಯಾಪಕ ಹುದ್ದೆ ಸಿಕ್ಕರೆ ಸಿಕ್ಕಿತು. ಹುದ್ದೆಗಳು ಕಡಿಮೆ, ಕಾಯುವವರು ಬಹಳ. ಅವನೊಡನೆ ಸೇರಿದವರಲ್ಲಿ ಒಬ್ಬನು ನಡುವೆಯೇ ಬಿಟ್ಟು ಸಾಫ್ಟ್‌ವೇರ್ ಕಂಪನಿಗೆ ಹೋದ, ಒಬ್ಬಳು ವೈದ್ಯಕೀಯ ಉಪಕರಣ ತಯಾರಿಸುವಲ್ಲಿ ಕೆಲಸ ಹಿಡಿದಳು. ಅವರು ಸೋತರೆಂದು ನಾವು ಹೇಳುವುದಿಲ್ಲ. ಗೌಡರ ಅಳಲು ಸುಳ್ಳಾಗಿರಲಿಲ್ಲ. ಇಂದಿಗೂ ಅವರು ಮಠಕ್ಕೆ ಬಂದರೆ, "ಮುಗೀತಂತ್ರಿ ಅಜ್ಜಾರ, ಆದರ ಮತ್ತ ಏನೋ ಐತಂತ" ಎನ್ನುತ್ತಾರೆ. ಈಗ ಹಾಗೆನ್ನುವಾಗ ತುಸು ನಗುತ್ತಾರೆ.

ತಪ್ಪು ನಮ್ಮದೆಂದು ಏಕೆ ಹೇಳುತ್ತೇವೆಂದರೆ: ಕಾಶಿಯಲ್ಲಿ ನಾಲ್ಕು ವರ್ಷ ಓದಿ, ಮತ್ತೆ ಧಾರವಾಡದ ವಿಶ್ವವಿದ್ಯಾಲಯದಲ್ಲಿ ನಮಗಿಂತ ಚಿಕ್ಕವರ ನಡುವೆ ಕುಳಿತು ಎಂ.ಎ. ಮಾಡಿ, ಷಟ್‌ಸ್ಥಲವನ್ನು ಕುರಿತು ಪ್ರಬಂಧ ಬರೆಯಲು ನಾವು ತೆಗೆದುಕೊಂಡದ್ದು ಏಳು ವರ್ಷ. ಆ ಏಳು ವರ್ಷಗಳಲ್ಲಿ ಒಬ್ಬರೂ ನಮ್ಮನ್ನು, ಓದು ಮುಗಿಯುವುದು ಎಂದು, ಎಂದು ಕೇಳಲಿಲ್ಲ. ಮಠದ ದಾಸೋಹ ನಮಗೆ ಅನ್ನವಿಕ್ಕುತ್ತಿತ್ತು. ಹಿರಿಯ ಗುರುಗಳು ತಿಂಗಳಿಗೊಮ್ಮೆ, ಯಾವ ಅಧ್ಯಾಯಕ್ಕೆ ಬಂದಿತು, ಎಂದಷ್ಟೇ ಕೇಳುತ್ತಿದ್ದರು. ಆ ಸೌಭಾಗ್ಯವನ್ನುಂಡ ನಾವು, ಅದಿಲ್ಲದ ಹುಡುಗನಿಗೆ ಫೋನಿನಲ್ಲಿ ಹತ್ತು ನಿಮಿಷ ಗೃಹಸ್ಥಧರ್ಮ ಬೋಧಿಸಿದೆವು. ಹಲಗೆಯ ಮೇಲಿನ ಆ ಮೂರಕ್ಷರ ಅವನನ್ನು ಕುರಿತೇ ಇದ್ದಿತೆಂದು ಹೇಳುವ ಧೈರ್ಯ ನಮಗಿಲ್ಲ. ಅಲ್ಲವೆಂದು ಹೇಳುವ ಧೈರ್ಯವೂ ಇಲ್ಲ.

ನಮ್ಮ ಹಳೆಯ ವಿದ್ಯಾರ್ಥಿಗಳ ಸಂಘದ ಶಿಷ್ಯವೇತನವು ಇದುವರೆಗೆ ಪದವಿಯ ಮಟ್ಟಕ್ಕೇ ನಿಲ್ಲುತ್ತಿತ್ತು. ಬರುವ ವರ್ಷದಿಂದ, ಯಾವ ಶಾಸ್ತ್ರದಲ್ಲಾದರೂ ಸಂಶೋಧನೆ ಮಾಡುವ ಒಬ್ಬ ಬಡ ವಿದ್ಯಾರ್ಥಿಯ ಮನೆಗೆ, ಅವನ ಕೈಗಲ್ಲ, ಮನೆಗೆ, ತಿಂಗಳಿಗೊಂದಿಷ್ಟು ಕಳುಹಿಸಬೇಕೆಂದು ನಾವು ಸೂಚಿಸಿದ್ದೇವೆ. ಸರ್ಕಾರದ ಹಣ ತಡವಾದ ತಿಂಗಳಲ್ಲಿಯೂ ಅದು ತಡವಾಗಬಾರದು. ಸಂಘದ ಪದಾಧಿಕಾರಿಗಳು ಜಾತ್ರೆಯ ಸಮಯದ ಸಭೆಯಲ್ಲಿ ಇದನ್ನು ಚರ್ಚಿಸಲಿದ್ದಾರೆ, ತಾವೂ ಬರಬೇಕು.

ಕಳೆದ ತಿಂಗಳು ಆ ತರುಣ ಒಂದು ಕೆಲಸ ಹೇಳಿದ. ಮಾತು ಕಳೆದುಕೊಂಡವರಿಗೆ ದಿನವೂ ಹೆಚ್ಚಾಗಿ ಬೇಕಾಗುವ ಕನ್ನಡ ವಾಕ್ಯಗಳ ಒಂದು ಪಟ್ಟಿ ಅವನಿಗೆ ಬೇಕಂತೆ. ಪುಸ್ತಕದ ಕನ್ನಡವಲ್ಲ, ಹಾಸಿಗೆಯಲ್ಲಿ ಮಲಗಿದವರ ಕನ್ನಡ. ಎರಡು ವರ್ಷ ಹಲಗೆಯ ಮುಂದೆ ಕುಳಿತವರು ನೀವು ಎಂದ. ನಾವು ಎರಡು ರಾತ್ರಿ ಕುಳಿತು ಬರೆದೆವು. ದಿಂಬು ಸರಿಸು. ಬಾಯಿ ಒಣಗಿದೆ. ಕಿಟಕಿ ತೆಗೆ. ದೀಪ ಆರಿಸು. ಪೂಜೆಗೆ ಹೊತ್ತಾಯಿತು. ಎಡಗಾಲು ನೋಯುತ್ತಿದೆ. ನೀನು ಹೋಗಿ ಮಲಗು. ಒಟ್ಟು ನೂರ ಹನ್ನೊಂದು ಆದವು. ಕೊನೆಯದಾಗಿ ಹು, ಡು, ಗ ಎಂದು ಬರೆದು, ಉಳಿದ ಸಾಲನ್ನು ಖಾಲಿ ಬಿಟ್ಟು ಅಂಚೆಗೆ ಹಾಕಿಸಿದೆವು.